ಉದ್ಘಾಟನೆಯ ಸಂಜೆ ಗ್ಯಾಲರಿ ಸುತ್ತುವುದು ಹೇಗೆ? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಒಂದೇ ಸಂಜೆ ಆರು ಗ್ಯಾಲರಿಗಳಲ್ಲಿ ಸಮಕಾಲೀನ ಕಲೆಯ ಹೊಸ ಪ್ರದರ್ಶನಗಳು ಶುರುವಾಗುತ್ತಿವೆ. ಎಲ್ಲವೂ ಆರರಿಂದ ಒಂಬತ್ತು. ಹೇಗೆ ಹೊಂದಿಸಿಕೊಳ್ಳಲಿ?

ಉತ್ತರ: ಆರು ಬೇಡ, ಮೂರು ಸಾಕು. ಒಂದೊಂದಕ್ಕೆ 40 ನಿಮಿಷ, ನಡುವಿನ ಒಂದೊಂದು ಓಡಾಟಕ್ಕೆ 20 ನಿಮಿಷ ಹಿಡಿದರೂ 2 ಗಂಟೆ 40 ನಿಮಿಷ ಆಗಿಬಿಡುತ್ತದೆ. ಉಳಿದ ಸಮಯವನ್ನು ಭಾಷಣ ನುಂಗುತ್ತದೆ. ಮಿಕ್ಕ ಮೂರು ಪ್ರದರ್ಶನ ಎಂದು ಮುಗಿಯುತ್ತವೆ ಎಂದು ಬರೆದಿಟ್ಟುಕೊಳ್ಳಿ. ವಾರದ ನಡುವೆ ಒಂದು ಮಧ್ಯಾಹ್ನ ಹೋದರೆ ಕೃತಿಗಳನ್ನು ನೆಮ್ಮದಿಯಾಗಿ ನೋಡಬಹುದು. ಉದ್ಘಾಟನೆಯ ದಿನ ಮಾತ್ರ ಸಿಗುವುದು ಕಲಾವಿದರ ಭೇಟಿ. ಆದ್ದರಿಂದ ಯಾರನ್ನು ಮಾತನಾಡಿಸುವ ಆಸೆಯಿದೆಯೋ ಅವರ ಪ್ರದರ್ಶನಗಳನ್ನೇ ಆ ಸಂಜೆಗೆ ಆರಿಸಿಕೊಳ್ಳಿ.

ಇನ್ನು ಕ್ರಮ. ಸಣ್ಣ ರೇಖಾಚಿತ್ರ, ಅಚ್ಚಿನ ಕೃತಿ, ಧ್ವನಿಯ ಕೆಲಸ ಇರುವಲ್ಲಿಗೆ ಬಾಗಿಲು ತೆರೆಯುತ್ತಲೇ ಹೋಗಿ. ಅರ್ಧ ಗಂಟೆ ಕಳೆದರೆ ಗೋಡೆ ಕಾಣುವುದಿಲ್ಲ, ಬೆನ್ನುಗಳೇ ಕಾಣುತ್ತವೆ. ದೊಡ್ಡ ಕ್ಯಾನ್ವಾಸ್‌ಗಳನ್ನು ಜನರ ತಲೆಯ ಮೇಲಿಂದಲೂ ನೋಡಬಹುದು, ಅವು ಕೊನೆಗಿರಲಿ. ಪರ್ಫಾರ್ಮೆನ್ಸ್, ಅಂದರೆ ಕಲಾವಿದರು ನೋಡುಗರೆದುರೇ ನಡೆಸಿಕೊಡುವ ಕೃತಿ ಇದ್ದರೆ ಅದರ ವೇಳೆಯನ್ನು ಮೊದಲು ಗೊತ್ತುಮಾಡಿಕೊಂಡು ಮಿಕ್ಕದ್ದನ್ನು ಅದರ ಸುತ್ತ ಜೋಡಿಸಿ.

ಒಳಗೆ ಹೋದ ಮೇಲೆ ಕೃತಿಯ ಪಕ್ಕದ ವಿವರದ ಚೀಟಿ ಓದದೆ ಒಂದು ಸುತ್ತು ಹಾಕಿ, ಐದು ನಿಮಿಷ ಸಾಕು. ಆಮೇಲೆ ಎರಡೇ ಎರಡು ಕೃತಿಗಳ ಮುಂದೆ ನಿಲ್ಲಿ. ಎದುರಿನಿಂದ ನೋಡಿದ ಮೇಲೆ ಪಕ್ಕಕ್ಕೂ ಸರಿದು ಕ್ಯಾನ್ವಾಸಿನ ಅಂಚು ನೋಡಿ. ಚೌಕಟ್ಟು ಹಾಕದ ಕೃತಿಯಾದರೆ ಅಲ್ಲಿ ಇಳಿದು ಒಣಗಿದ ಬಣ್ಣದ ಹನಿಗಳಿರಬಹುದು. ಮೇಲೆ ಬರಿಯ ಬೂದು ಕಂಡಲ್ಲಿ ಅಂಚಿನಲ್ಲಿ ಕೆಂಪೋ ಹಳದಿಯೋ ಇಣುಕುತ್ತಿರಬಹುದು. ಆ ಬೂದು ಯಾಕೆ ಬೆಚ್ಚಗೆ ಕಾಣುತ್ತಿತ್ತು ಎಂಬುದಕ್ಕೆ ಅಲ್ಲೇ ಉತ್ತರ ಸಿಗುತ್ತದೆ.

ಪ್ರಶ್ನೆ: ಚೀಟಿಯಲ್ಲಿ ‘3/10’, ‘ಎ.ಪಿ.’ ಎಂದಿರುತ್ತದೆ. ಪಕ್ಕದಲ್ಲಿ ಕೆಂಪು ಚುಕ್ಕಿ. ಏನರ್ಥ?

ಉತ್ತರ: ಕೆಂಪು ಚುಕ್ಕಿ ಎಂದರೆ ಮಾರಾಟವಾಗಿದೆ. ಅರ್ಧ ಚುಕ್ಕಿ ಅಥವಾ ಬೇರೆ ಬಣ್ಣದ್ದಾದರೆ ಸಾಮಾನ್ಯವಾಗಿ ಯಾರೋ ಕಾಯ್ದಿರಿಸಿದ್ದಾರೆ. ಮೇಜಿನ ಬಳಿ ಕೇಳಿ ಖಚಿತಪಡಿಸಿಕೊಳ್ಳಿ. ಬೆಲೆಪಟ್ಟಿಯೂ ಅಲ್ಲೇ ಇರುತ್ತದೆ, ಕೇಳಲು ಸಂಕೋಚ ಬೇಡ.

ಅಚ್ಚಿನ ಕೃತಿಯ ಚೀಟಿಯಲ್ಲಿ ‘3/10’ ಎಂದರೆ ಒಟ್ಟು ಹತ್ತು ಪ್ರತಿಗಳಲ್ಲಿ ಮೂರನೆಯದು. ‘ಎ.ಪಿ.’ (ಆರ್ಟಿಸ್ಟ್ಸ್ ಪ್ರೂಫ್) ಎಂದರೆ ಆ ಹತ್ತರ ಲೆಕ್ಕಕ್ಕೆ ಸೇರದೆ ಕಲಾವಿದರು ತಮಗಾಗಿ ಇಟ್ಟುಕೊಂಡ ಪ್ರತಿ. ಅಂಕಿ ಚಿಕ್ಕದಿದ್ದರೆ ಕೃತಿ ಶ್ರೇಷ್ಠ ಎಂದು ನಂಬಬೇಡಿ. ಡ್ರೈಪಾಯಿಂಟ್‌ನಂಥ ಮುದ್ರಣ ವಿಧಾನಗಳಲ್ಲಿ ಮಾತ್ರ ಆ ಮಾತಿಗೆ ಆಧಾರವಿದೆ: ಲೋಹದ ತಗಡನ್ನು ಸೂಜಿಯಿಂದ ಗೀರಿದಾಗ ಏಳುವ ಒರಟು ಅಂಚು ಶಾಯಿ ಹಿಡಿದು ಗೆರೆಗೆ ಮಖಮಲ್ಲಿನಂಥ ಮೆರುಗು ಕೊಡುತ್ತದೆ, ಒಂದೊಂದು ಪ್ರತಿ ಒತ್ತಿದಂತೆಲ್ಲ ಅದು ಸವೆಯುತ್ತದೆ.

ಎಚಿಂಗ್ (ಲೋಹದ ತಗಡಿನಲ್ಲಿ ಆಮ್ಲದಿಂದ ಗೆರೆ ಕೊರೆದು ಕಾಗದಕ್ಕೆ ಒತ್ತುವ ಮುದ್ರಣ) ಎಂದು ಬರೆದಿದ್ದರೆ ಓರೆ ಬೆಳಕಿನಲ್ಲಿ ಕಾಗದ ನೋಡಿ. ಚಿತ್ರದ ಸುತ್ತ ತಗಡಿನ ಅಂಚು ಒತ್ತಿ ತಗ್ಗಾದ ಗುರುತು ಕಾಣುತ್ತದೆ. ಇಂಕ್‌ಜೆಟ್ ಮುದ್ರಣದಲ್ಲಿ ಆ ತಗ್ಗು ಬೀಳುವುದಿಲ್ಲ. ಚೀಟಿಯಲ್ಲಿನ ಅಳತೆಯಲ್ಲಿ ಸಾಮಾನ್ಯವಾಗಿ ಮೊದಲು ಎತ್ತರ, ಆಮೇಲೆ ಅಗಲ, ಕೊನೆಗೆ ಆಳ. ತಿರುಗಾಮುರುಗಾ ಓದಿಕೊಂಡು ಮನೆಯ ಗೋಡೆಗೆ ಹಿಡಿಸದೆ ಪರದಾಡುವವರಿದ್ದಾರೆ.

ಪ್ರಶ್ನೆ: ವಿಡಿಯೊ ಕೃತಿಯನ್ನು ಪೂರ್ತಿ ನೋಡಲೇಬೇಕೇ?

ಉತ್ತರ: ಅವಧಿ ಚೀಟಿಯಲ್ಲಿರುತ್ತದೆ. ಹತ್ತು ನಿಮಿಷದೊಳಗಿನದಾದರೆ ಕುಳಿತು ಪೂರ್ತಿ ನೋಡಿ. ಅದಕ್ಕಿಂತ ಉದ್ದದ್ದಾದರೆ ಇನ್ನೊಂದು ದಿನ ಬನ್ನಿ, ಉದ್ಘಾಟನೆಯ ಗದ್ದಲದಲ್ಲಿ ಧ್ವನಿ ಕೇಳುವುದೇ ಕಷ್ಟ. ಕ್ರಿಶ್ಚಿಯನ್ ಮಾರ್ಕ್ಲೆಯವರ ‘ದ ಕ್ಲಾಕ್’ (2010) 24 ಗಂಟೆ ಓಡುತ್ತದೆ. ಅಂಥದ್ದನ್ನು ಒಂದೇ ಸಲಕ್ಕೆ ಮುಗಿಸಬೇಕೆಂದು ಯಾರೂ ನಿರೀಕ್ಷಿಸುವುದಿಲ್ಲ.

ಪ್ರಶ್ನೆ: ಮುಟ್ಟಬಾರದು ಎಂಬ ಫಲಕ ಇಲ್ಲದಿದ್ದರೆ ಮುಟ್ಟಬಹುದೇ?

ಉತ್ತರ: ಕೇಳದೆ ಮುಟ್ಟಬೇಡಿ. ದಪ್ಪಗೆ ಬಳಿದ ತೈಲವರ್ಣ ಮೇಲೆ ಒಣಗಿದಂತೆ ಕಂಡರೂ ಒಳಗೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಹಸಿಯಾಗಿರುತ್ತದೆ. ಹೊಸ ಕೃತಿಗಳ ಪ್ರದರ್ಶನದಲ್ಲಿ ಈ ಅಪಾಯ ಹೆಚ್ಚು. ಕಂಚಿನ ಮೇಲೆ ಬೆರಳಿನ ಬೆವರು ಕಲೆಯಾಗಿ ಕೂರುತ್ತದೆ. ಆದರೆ ಫೆಲಿಕ್ಸ್ ಗೊನ್ಸಾಲೆಸ್-ಟೊರೆಸ್ 1991ರಲ್ಲಿ ಮೂಲೆಯಲ್ಲಿ ಮಿಠಾಯಿ ರಾಶಿ ಹಾಕಿ ಮಾಡಿದಂಥ ಕೃತಿಗಳೂ ಇವೆ. ಅಲ್ಲಿ ನೋಡುಗರು ಒಂದನ್ನು ತೆಗೆದುಕೊಳ್ಳುವುದೂ ಕೃತಿಯ ಭಾಗವೇ. ಅದಕ್ಕೇ ಕೇಳಿ ಎನ್ನುವುದು.

ಕೈಗಿಂತ ಹೆಚ್ಚು ಹಾನಿ ಮಾಡುವುದು ಬೆನ್ನಿನ ಚೀಲ ಮತ್ತು ಮೊಣಕೈ. ಪಿಕಾಸೊ 1932ರಲ್ಲಿ ರಚಿಸಿದ ‘ಲ ರೆವ್’ ಚಿತ್ರಕ್ಕೆ 2006ರಲ್ಲಿ ತೂತು ಬಿದ್ದದ್ದು ಅದರ ಒಡೆಯ ಸ್ಟೀವ್ ವಿನ್ ಅವರ ಮೊಣಕೈಯಿಂದಲೇ. ಚೀಲವನ್ನು ಬಾಗಿಲಲ್ಲೇ ಇಡಿ, ಆಗದಿದ್ದರೆ ಎದೆಯ ಕಡೆಗೆ ತಿರುಗಿಸಿ ಹಾಕಿಕೊಳ್ಳಿ. ಫೋಟೊಗೆಂದು ಹಿಂದೆ ಸರಿಯುವ ಮೊದಲು ಹಿಂದಿರುಗಿ ನೋಡಿ, ಅಲ್ಲೊಂದು ಶಿಲ್ಪ ಇರಬಹುದು.

ಪ್ರಶ್ನೆ: ಕಲಾವಿದರ ಬಳಿ ಏನು ಕೇಳಲಿ?

ಉತ್ತರ: ‘ಇದರ ಅರ್ಥವೇನು’ ಎಂದು ಶುರು ಮಾಡಬೇಡಿ. ನೀವು ಕಣ್ಣಾರೆ ಕಂಡದ್ದನ್ನು ಕೇಳಿ: ‘ಅಂಚಿನಲ್ಲಿ ಕೆಂಪು ಕಾಣುತ್ತದಲ್ಲ, ಮೊದಲು ಇಡೀ ಕ್ಯಾನ್ವಾಸ್ ಕೆಂಪಗಿತ್ತೇ?’ ಐದು ನಿಮಿಷ ಮಾತನಾಡಿ ಮುಂದಿನವರಿಗೆ ಜಾಗ ಬಿಡಿ.