ಹಳೇ ಫೈಬರ್‌ಗ್ಲಾಸ್ ಮೀನುಗಾರಿಕೆ ದೋಣಿಯನ್ನು ನಾವೇ ರಿಪೇರಿ ಮಾಡೋದಾದರೆ ಮೊದಲು ಏನು ನೋಡಬೇಕು?

ಬಣ್ಣದ ಯೋಚನೆ ಆಮೇಲೆ. ಮೊದಲು ಎಂಜಿನ್ ಕೂರುವ ಹಿಂಬದಿಯ ಗೋಡೆ ನೋಡಿ. ಫೈಬರ್ ಕೊಳೆಯೋದಿಲ್ಲ, ಆದರೆ ಹಳೇ ದೋಣಿಗಳಲ್ಲಿ ಅದರೊಳಗೆ ಸಾಮಾನ್ಯವಾಗಿ ಪ್ಲೈವುಡ್ ಇರುತ್ತೆ, ಅದು ಕೊಳೆಯುತ್ತೆ. ಹೊರಗಿನಿಂದ ಗೊತ್ತೇ ಆಗಲ್ಲ.

ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ಬಡಿಯುತ್ತಾ ಹೋಗಿ. ಟಕ್ ಟಕ್ ಅಂದರೆ ಒಳ್ಳೇದು. ಡಬ್ ಅಂತ ಮಂಕಾಗಿ ಕೇಳಿದ ಕಡೆ ಒಳಗಿನಿಂದ 3 ಮಿ.ಮೀ. ತೂತು ಕೊರೆದು, ಡ್ರಿಲ್ ಬಿಟ್‌ಗೆ ಅಂಟಿ ಬಂದ ಪುಡಿಯನ್ನು ಬೆರಳಲ್ಲಿ ಉಜ್ಜಿ ನೋಡಿ. ತಿಳಿ ಬಣ್ಣದ ಒಣ ಪುಡಿಯಾದರೆ ಮರ ಗಟ್ಟಿಯಿದೆ, ಕಪ್ಪಗೆ ಒದ್ದೆಯಾಗಿದ್ದರೆ ಕೊಳೆತಿದೆ. ಕೊಳೆತದ್ದನ್ನು ಪೂರ್ತಿ ಕಿತ್ತು ಹೊಸದು ಹಾಕಲೇಬೇಕು. ಸುಮ್ನೆ ಮೇಲೆ ರೆಸಿನ್ (ಗಟ್ಟಿಯಾಗುವ ಅಂಟು ದ್ರವ) ಸುರಿದು ಮುಚ್ಚಬೇಡಿ, ಎಂಜಿನ್ನಿನ ಭಾರವೆಲ್ಲ ಅಲ್ಲೇ ಬೀಳೋದು ಅಲ್ವಾ?

ಫೈಬರ್ ಪದರದಲ್ಲಿ ಆಳವಾದ ಬಿರುಕಿದ್ದರೆ ಸುತ್ತಲೂ ಇಳಿಜಾರಾಗಿ ಉಜ್ಜಿ, ಪದರದ ದಪ್ಪದ ಸುಮಾರು 12 ಪಟ್ಟು ಅಗಲಕ್ಕೆ. ಆಮೇಲೆ ಜಿಡ್ಡು ತೆಗೆಯುವ ಅಸಿಟೋನ್‌ನಲ್ಲಿ ಒರೆಸಿ, ಗ್ಲಾಸ್ ಬಟ್ಟೆ (ಗಾಜಿನ ಎಳೆಯ ಬಟ್ಟೆ) ಮತ್ತು ಎಪಾಕ್ಸಿ ರೆಸಿನ್ ಹಾಕಿ. ಹಳೇ ಪದರಕ್ಕೆ ಪಾಲಿಯೆಸ್ಟರ್ ರೆಸಿನ್‌ಗಿಂತ ಎಪಾಕ್ಸಿ ಗಟ್ಟಿಯಾಗಿ ಹಿಡಿಯುತ್ತೆ. ಆದರೆ ಬಿಸಿಲು ಅದಕ್ಕೆ ಆಗೋದಿಲ್ಲ, ಮೇಲೆ ಬಣ್ಣ ಬೇಕೇ ಬೇಕು. ಉಜ್ಜುವಾಗ ಬಟ್ಟೆ ಮಾಸ್ಕ್ ಸಾಲದು, ಫಿಲ್ಟರ್ ಇರುವ ರೆಸ್ಪಿರೇಟರ್ ಹಾಕಿಕೊಳ್ಳಿ. ಗಾಜಿನ ಧೂಳು ಶ್ವಾಸಕೋಶಕ್ಕೆ ಹೋಗಬಾರದು.