ಕಾರ್ಫುವಿನಿಂದ ಅಲ್ಬೇನಿಯಾಕ್ಕೆ ಫೆರಿ: ನಿಜಕ್ಕೂ ಅಗ್ಗವೇ?

ಗ್ರೀಸಿನ ಕಾರ್ಫು ದ್ವೀಪದಲ್ಲಿ ಕೋಣೆ ದುಬಾರಿ, ಎದುರಿನ ಅಲ್ಬೇನಿಯಾಕ್ಕೆ ಫೆರಿಯಲ್ಲಿ ಹೋದರೆ ಕಡಲತೀರದ ರಜೆ ಕಡಿಮೆ ಖರ್ಚಿನಲ್ಲಿ ಮುಗಿಯುತ್ತದೆಯೇ ಎಂದು ಕೇಳಿದ್ದೀರಿ. ಮುಗಿಯುತ್ತದೆ, ಆದರೆ ಅಲ್ಲಿ ಮೂರು ನಾಲ್ಕು ರಾತ್ರಿಯಾದರೂ ತಂಗಬೇಕು. ಬೆಳಿಗ್ಗೆ ಹೋಗಿ ಸಂಜೆ ಮರಳುವವರು ಊಟದಲ್ಲಿ ಉಳಿಸಿದ್ದನ್ನು ಫೆರಿ ಟಿಕೆಟ್ಟೇ ನುಂಗಿಹಾಕುತ್ತದೆ. ಮೊದಲ ಸಲ ನಾನು ಮಾಡಿದ್ದು ಇದೇ ದಡ್ಡತನ.

ದುಡ್ಡಿನ ಲೆಕ್ಕಕ್ಕಿಂತ ಮೊದಲು ವೀಸಾ ನೋಡಿಕೊಳ್ಳಿ. ಗ್ರೀಸ್ ಷೆಂಗೆನ್ ವಲಯದಲ್ಲಿದೆ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು), ಅಲ್ಬೇನಿಯಾ ಇಲ್ಲ. ನಿಮ್ಮದು ಭಾರತದ ಪಾಸ್‌ಪೋರ್ಟ್ ಆಗಿದ್ದು, ಬಹುಪ್ರವೇಶದ ಷೆಂಗೆನ್ ವೀಸಾವನ್ನು ಆಗಲೇ ಒಮ್ಮೆ ಬಳಸಿದ್ದರೆ ಅಲ್ಬೇನಿಯಾ ಬೇರೆ ವೀಸಾ ಕೇಳುವುದಿಲ್ಲ. ಏಕಪ್ರವೇಶದ ವೀಸಾ ಇದ್ದರೆ ಒಮ್ಮೆ ಹೊರಬಿದ್ದ ಮೇಲೆ ಕಾರ್ಫುವಿಗೆ ಮರಳುವಂತಿಲ್ಲ. ನಮ್ಮ ಜೊತೆಗಿದ್ದ ಒಬ್ಬರಿಗೆ ಇದು ತಿಳಿದದ್ದು ಟಿಕೆಟ್ ಕೊಂಡ ಮೇಲೆ. ಬಂದರಿನ ಹೊರಗೆ ನಿಂತು ನಮಗೆ ಕೈಬೀಸಿದರು, ಪಾಪ.

ಪ್ರಯಾಣ ಮಾತ್ರ ಸಲೀಸು. ವೇಗದ ದೋಣಿಗೆ ಅರ್ಧ ಗಂಟೆ, ದೊಡ್ಡ ಹಡಗಿಗೆ ಸುಮಾರು 70 ನಿಮಿಷ. ಅಲ್ಬೇನಿಯಾದ ಗಡಿಯಾರ ಗ್ರೀಸಿನದಕ್ಕಿಂತ ಒಂದು ಗಂಟೆ ಹಿಂದಿರುವುದರಿಂದ 9 ಗಂಟೆಗೆ ಹೊರಟವರು 8.30ಕ್ಕೆ ಇಳಿಯುತ್ತಾರೆ! ಮರಳುವಾಗ ಆ ಸಾಲವನ್ನು ತೀರಿಸಬೇಕಾಗುತ್ತದೆ. ತೀರದಲ್ಲಿ ಮೊಬೈಲ್ ಕೆಲವೊಮ್ಮೆ ಎದುರು ದಡದ ಸಿಗ್ನಲ್ ಹಿಡಿದು ತಪ್ಪು ಸಮಯ ತೋರಿಸುತ್ತದೆ, ಹಾಗಾಗಿ ಹಡಗಿನ ಹೊತ್ತಿಗೆ ಕೈಗಡಿಯಾರವನ್ನೇ ನಂಬಿ. ಎರಡೂ ದಡ ಅಷ್ಟು ಹತ್ತಿರ. ಕಮ್ಯುನಿಸ್ಟ್ ಆಳ್ವಿಕೆಯ ಕಾಲದಲ್ಲಿ ಅಲ್ಬೇನಿಯಾ ಬಿಟ್ಟು ಓಡಲು ಜನ ಇದೇ ನೀರನ್ನು ಈಜಿ ದಾಟಲು ಹೋಗುತ್ತಿದ್ದರು, ಕೆಲವರು ಪ್ರಾಣವನ್ನೇ ಕಳೆದುಕೊಂಡರು. ಡೆಕ್ಕಿನ ಮೇಲೆ ಕಾಫಿ ಹಿಡಿದು ನಿಂತಾಗ ಅದು ನೆನಪಾಗಿ ಸ್ವಲ್ಪ ಮುಜುಗರವಾಯಿತು.

ನೀವು ಇಳಿಯುವ ಊರು ಸರಾಂಡ. ಊರಿನೊಳಗಿನ ತೀರದಲ್ಲಿ ಮರಳಿಗಿಂತ ಬೆಣಚುಕಲ್ಲೇ ಹೆಚ್ಚು. ಎಲ್ಲರೂ ಹುಡುಕಿಕೊಂಡು ಹೋಗುವುದು ದಕ್ಷಿಣದ ಕ್ಸಮಿಲ್‌ಗೆ. ಬಸ್ಸಿದೆ. ತಿಳಿನೀಲಿ ನೀರು, ಈಜಿ ತಲುಪಬಹುದಾದಷ್ಟು ಹತ್ತಿರದಲ್ಲಿ ಪುಟ್ಟ ದ್ವೀಪಗಳು. ಚಿತ್ರದಲ್ಲಿ ಕಂಡಂತೆಯೇ ಇದೆ. ಆದರೆ ಆಗಸ್ಟ್‌ನಲ್ಲಿ ಟವೆಲ್ ಹಾಸಲೂ ಜಾಗ ಸಿಗದು. ತೀರದ ಬಹುಭಾಗ ಬಾಡಿಗೆಯ ಕೊಡೆ, ಒರಗುಕುರ್ಚಿಗಳ ಪಾಲು. ಸಿನಿಮಾ ಮಂದಿರಕ್ಕೆ ತದ್ವಿರುದ್ಧವಾಗಿ ಇಲ್ಲಿ ಮುಂದಿನ ಸಾಲಿಗೇ ದರ ಜಾಸ್ತಿ. ಅಗ್ಗವೆಂದು ಬಂದವನಿಗೆ ಬೇಸರವಾಗುವುದು ಇಲ್ಲಿಯೇ. ಜೂನ್ ಇಲ್ಲವೇ ಸೆಪ್ಟೆಂಬರ್‌ನಲ್ಲಿ ಹೋಗಿ. ಸರಾಂಡದಲ್ಲಿ ನೀರಿನಿಂದ ಎರಡು ಮೂರು ಬೀದಿ ಮೇಲಕ್ಕೆ ಕೋಣೆ ಹಿಡಿಯಿರಿ. ಮೆಟ್ಟಿಲು ಹತ್ತಬೇಕು, ಆದರೆ ಉಳಿತಾಯವೆಲ್ಲ ಆ ಮೆಟ್ಟಿಲುಗಳಲ್ಲೇ ಇದೆ. ಕ್ಸಮಿಲ್ ಬೇಸರವಾದ ದಿನ ಅದೇ ಬಸ್ಸಿನಲ್ಲಿ ಕೊನೆಯವರೆಗೆ ಹೋದರೆ ಬುಟ್ರಿಂಟ್ ಸಿಗುತ್ತದೆ. 1992ರಿಂದ ಯುನೆಸ್ಕೊ ಪಟ್ಟಿಯಲ್ಲಿರುವ ಪಾಳುನಗರ, ಮರಗಳ ನಡುವೆ ಗ್ರೀಕರ ಕಾಲದ ರಂಗಮಂದಿರ. ನನಗೆ ಕಡಲಿಗಿಂತ ಅದೇ ಹಿಡಿಸಿತು.

ಅಲ್ಲಿ ಯೂರೋ ಕೊಟ್ಟರೂ ತೆಗೆದುಕೊಳ್ಳುತ್ತಾರೆ, ಆದರೆ ದರ ಅಂಗಡಿಯವರು ಹೇಳಿದ್ದು. ಬಸ್ಸಿಗೂ ಕಾಫಿಗೂ ಅಲ್ಲಿನ ಲೆಕ್ ನಾಣ್ಯ ಇಟ್ಟುಕೊಳ್ಳಿ, ಉಳಿದದ್ದನ್ನು ಹಡಗು ಹತ್ತುವ ಮುನ್ನವೇ ಖರ್ಚು ಮಾಡಿಬಿಡಿ. ದೇಶದ ಹೊರಗೆ ಲೆಕ್ ಬದಲಾಯಿಸುವುದು ಕಷ್ಟ. ನನ್ನ ಮೇಜಿನ ಡ್ರಾಯರಿನಲ್ಲಿ ಇನ್ನೂ ಒಂದಿಷ್ಟು ಬಿದ್ದಿದೆ.