ಗಾಜು ಬಾಗಿಸಿ, ಹೈವೋಲ್ಟೇಜ್ ಮಾತ್ರ ಮನೆಯಲ್ಲಿ ಬೇಡ

ಕೊಪ್ಪಳದ ಓದುಗರೊಬ್ಬರ ಪತ್ರ: "ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿದ್ದೇನೆ. ಸೋದರಮಾವನ ಖಾನಾವಳಿಗೆ ನನ್ನ ಕೈಯಾರೆ ನಿಯಾನ್ ಬೋರ್ಡ್ ಮಾಡಿಕೊಡುವ ಆಸೆ. ಮಾಳಿಗೆ ಮೇಲಿನ ತಗಡಿನ ಕೋಣೆ ಖಾಲಿ ಇದೆ. ಗುಜರಿಯಿಂದ ಹಳೇ ಟ್ಯೂಬ್‌ಲೈಟ್‌ಗಳು, ಮೈಕ್ರೋವೇವ್ ಓವನ್ನಿನ ಟ್ರಾನ್ಸ್‌ಫಾರ್ಮರ್ ತಂದಿಟ್ಟಿದ್ದೇನೆ. ಕರೆಂಟು ಸೋರಿದರೆ ತಾನೇ ಆಫ್ ಮಾಡುವ ಇಎಲ್‌ಸಿಬಿಯನ್ನು ಮನೆಗೆ ಹಾಕಿಸಿದ್ದೇವೆ. ಇಷ್ಟು ಸಾಕಲ್ವಾ? ಮನೆಯಲ್ಲಿ ಅವ್ವ, ಅಜ್ಜಿ, ಅಕ್ಕನ ಎರಡು ವರ್ಷದ ಮಗು ಇದ್ದಾರೆ."

ಸಂಪಾದಕರ ಉತ್ತರ:

ನಿಮ್ಮ ಆಸೆ ನನಗೆ ತುಂಬಾ ಹಿಡಿಸಿತು. ಈಗ ಅಂಗಡಿಗಳ ಮುಂದೆ ನಿಯಾನ್ ಎಂದು ಹೊಳೆಯುವುದರಲ್ಲಿ ಹೆಚ್ಚಿನವು ಪ್ಲಾಸ್ಟಿಕ್ ಪಟ್ಟಿಯೊಳಗಿನ ಎಲ್‌ಇಡಿ. 1910ರಲ್ಲಿ ಪ್ಯಾರಿಸ್ಸಿನಲ್ಲಿ ಜಾರ್ಜ್ ಕ್ಲೋಡ್ ಬೆಳಗಿಸಿ ತೋರಿಸಿದಂಥ ಗಾಜಿನ ಕೊಳವೆ ಮಾಡುವ ಕೈಗಳು ಕಡಿಮೆಯಾಗುತ್ತಿವೆ. ಕಲಿಯಬೇಕು ಅನ್ನುವವರನ್ನು ತಡೆಯುವ ಮನಸ್ಸು ನನಗಿಲ್ಲ. ಆದರೆ ಇಎಲ್‌ಸಿಬಿ ಬಗ್ಗೆ ನೀವು ಬರೆದ ಸಾಲು ಓದಿ ಎದೆ ಧಸಕ್ಕೆಂದಿತು.

ಅದು ಸಾಕಾಗುವುದಿಲ್ಲ. ಈ ಕೆಲಸದಲ್ಲಿ ಅದು ನಿಮ್ಮನ್ನು ಉಳಿಸುವುದೇ ಇಲ್ಲ. ಫೇಸ್‌ನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಅಷ್ಟೇ ವಾಪಸ್ ಬಂತಾ ಅಂತ ಅದು ನೋಡುತ್ತದೆ. 30 ಮಿಲಿಆಂಪಿಯರ್ ವ್ಯತ್ಯಾಸ ಬಂದರೆ ಟ್ರಿಪ್ ಆಗುತ್ತದೆ. ಆದರೆ ಟ್ರಾನ್ಸ್‌ಫಾರ್ಮರಿನ ಸೆಕೆಂಡರಿ, ಅಂದರೆ ಹೈವೋಲ್ಟೇಜ್ ಹೊರಬರುವ ಸುರುಳಿ, ಬೇರೆಯೇ ಒಂದು ಸರ್ಕ್ಯೂಟು. ಅಲ್ಲಿ ಹೊರಟ ಕರೆಂಟು ನಿಮ್ಮ ಮೈಯಲ್ಲಿ ಹರಿದು ಅದೇ ಸುರುಳಿಗೆ ಮರಳುತ್ತದೆ. ಪ್ರೈಮರಿ ಕಡೆ, ಅಂದರೆ ಮನೆಯ ಕರೆಂಟು ಒಳಬರುವ ಸುರುಳಿಯಲ್ಲಿ, ಲೆಕ್ಕ ಸರಿಯಾಗೇ ಇರುತ್ತದೆ. ನೀವು ಅಂಟಿಕೊಂಡಿದ್ದರೂ ಕೆಳಗೆ ಬೋರ್ಡಿನಲ್ಲಿ ಸ್ವಿಚ್ಚು ಬೀಳುವುದಿಲ್ಲ. ಮೈಕ್ರೋವೇವ್ ಟ್ರಾನ್ಸ್‌ಫಾರ್ಮರ್ ಸುಮಾರು 2,000 ವೋಲ್ಟ್ ಕೊಡುತ್ತದೆ, ಜೊತೆಗೆ ನೂರಾರು ಮಿಲಿಆಂಪಿಯರ್. ಎದೆಯ ಮೂಲಕ ಹಾದುಹೋದರೆ ಎರಡನೇ ಅವಕಾಶ ಸಿಗುವುದು ಕಷ್ಟ.

ನಿಯಾನ್ ಕೆಲಸದಲ್ಲಿ ಅತಿ ಅಪಾಯದ ಹಂತ ಬಾಂಬಾರ್ಡಿಂಗ್, ಅಂದರೆ ಗ್ಯಾಸ್ ತುಂಬುವ ಮೊದಲು ಕೊಳವೆಯನ್ನು ಕರೆಂಟಿನಿಂದ ಕಾಯಿಸಿ ಒಳಗೆ ಶುದ್ಧ ಮಾಡುವುದು. ಕೊಳವೆಯ ಗಾಳಿಯನ್ನು ಪಂಪಿನಿಂದ ಎಳೆಯುತ್ತಾ ಎರಡು ತುದಿಯ ಎಲೆಕ್ಟ್ರೋಡುಗಳಿಗೆ ಸಾವಿರಾರು ವೋಲ್ಟ್ ಹಾಯಿಸುತ್ತಾರೆ. ಗಾಜು 200 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಮೇಲಿಟ್ಟ ಕಾಗದದ ಚೂರು ಕಂದು ಬಣ್ಣಕ್ಕೆ ತಿರುಗಿತು ಅಂದರೆ ಗಾಜು ಹದಕ್ಕೆ ಬಂತು ಅಂತ ಅನುಭವಸ್ಥರು ತಿಳಿಯುತ್ತಾರೆ. ಎಲೆಕ್ಟ್ರೋಡು ಕೆಂಡದ ಹಾಗೆ ಕೆಂಪಗಾಗುತ್ತದೆ. ಒಳಗಿನ ಕಸರೆಲ್ಲ ಆವಿಯಾಗಿ ಪಂಪಿನ ದಾರಿ ಹಿಡಿಯುತ್ತದೆ. ಆ ಹೊತ್ತಿನಲ್ಲಿ ವೈರ್ ಜಾರಿತು ಅಂತ ಕೈ ಚಾಚಿದರೆ ಮುಗಿಯಿತು. ನಮ್ಮ ಕಡೆ ವಿದ್ಯುತ್ ಕೊಡುವ ಜೆಸ್ಕಾಂ ಕಂಪನಿಯ ಲೈನ್‌ಮನ್‌ಗಳನ್ನು ನೋಡಿ. ಲೈನ್ ಕ್ಲಿಯರ್ (ಕರೆಂಟು ಕಡಿದಾಗಿದೆ ಅನ್ನುವ ಒಪ್ಪಿಗೆ) ಸಿಕ್ಕ ಮೇಲೂ ತಂತಿಗೆ ಅರ್ಥ್ ಕೊಟ್ಟೇ ಕೈ ಹಾಕಬೇಕು ಅನ್ನುವುದು ಅವರ ನಿಯಮ. ಅವರಿಗೆ ಸಹಾಯಕ್ಕೆ ಇನ್ನೊಬ್ಬರಿರುತ್ತಾರೆ. ತಗಡಿನ ಕೋಣೆಯಲ್ಲಿ ರಾತ್ರಿ ಒಬ್ಬರೇ ಇರುವ ನಿಮಗೆ ಯಾರಿದ್ದಾರೆ? ಸುತ್ತ ಕಬ್ಬಿಣ, ಮಳೆಗಾಲದಲ್ಲಿ ಕಾಲಡಿ ಹಸಿ ನೆಲ. ಕೂಗು ಕೇಳಿ ಅವ್ವ ಓಡಿಬಂದು ನಿಮ್ಮನ್ನು ಹಿಡಿದೆಳೆದರೆ ಅವರ ಜೀವಕ್ಕೂ ಅಪಾಯ. ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ: ಬಾಂಬಾರ್ಡಿಂಗ್ ಮನೆಯಲ್ಲಿ ಬೇಡವೇ ಬೇಡ.

ಹಾಗಂತ ಆಸೆ ಬಿಡಬೇಕಾಗಿಲ್ಲ. ಗಾಜು ಬಾಗಿಸುವುದನ್ನು ನೀವೇ ಮಾಡಿ, ಆ ಕೆಲಸದ ಸೊಗಸೆಲ್ಲ ಅಲ್ಲೇ ಇದೆ. ಗಾಳಿ ತೆಗೆದು ಗ್ಯಾಸ್ ತುಂಬುವುದಕ್ಕೆ ಅದನ್ನೇ ಕಸುಬು ಮಾಡಿಕೊಂಡವರ ಬಳಿ ಒಯ್ಯಿರಿ. ಎಷ್ಟೋ ಹವ್ಯಾಸಿಗಳು ಹೀಗೇ ಮಾಡುತ್ತಾರೆ. ಊರಲ್ಲಿ ಸಿಗದಿದ್ದರೆ ದೊಡ್ಡ ಊರುಗಳ ಹಳೇ ಬೋರ್ಡ್ ಅಂಗಡಿಗಳಲ್ಲಿ ವಿಚಾರಿಸಿ.

ಗಾಜನ್ನು ಜ್ವಾಲೆಗೆ ಹಿಡಿದು ಬಾಗಿಸುವಾಗಲೂ ಎಚ್ಚರ ಬೇಕು. ನಮ್ಮ ಕಡೆ ಆಷಾಢದ ಗಾಳಿ ಗೊತ್ತಲ್ಲ. ಜ್ವಾಲೆ ಅಲ್ಲಾಡುತ್ತದೆ ಅಂತ ಕಿಟಕಿ, ಬಾಗಿಲು ಎಲ್ಲ ಮುಚ್ಚುವ ಆಸೆಯಾಗುತ್ತದೆ. ಮುಚ್ಚಬೇಡಿ. ಮುಚ್ಚಿದ ಕೋಣೆಯಲ್ಲಿ ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಸೇರಿಕೊಳ್ಳುತ್ತದೆ. ಒಂದು ತಡಿಕೆ ನಿಲ್ಲಿಸಿ ಜ್ವಾಲೆಯನ್ನಷ್ಟೇ ಮರೆ ಮಾಡಿ. ಅಡುಗೆಮನೆಯ ಸಿಲಿಂಡರ್ ಮೇಲೆ ಹೊತ್ತೊಯ್ಯಬೇಡಿ, ಈ ಬಳಕೆಗೆ ಅದನ್ನು ಕೊಟ್ಟಿಲ್ಲ. ಎಲ್‌ಪಿಜಿ ಗಾಳಿಗಿಂತ ಭಾರ. ಮಾಳಿಗೆಯಲ್ಲಿ ಸೋರಿದರೆ ಮೆಟ್ಟಿಲಿಳಿದು ಮಗು ಮಲಗುವ ಕೋಣೆಗೇ ಬರುತ್ತದೆ. ಬಾಗುವಾಗ ಕೊಳವೆ ಚಪ್ಪಟೆಯಾಗದಂತೆ, ಬಾಯಲ್ಲಿ ಹಿಡಿದ ರಬ್ಬರ್ ನಳಿಕೆಯಿಂದ ಮೆಲ್ಲಗೆ ಊದಿ, ಒಳಕ್ಕೆ ಎಂದೂ ಎಳೆದುಕೊಳ್ಳಬೇಡಿ. ಬಿಸಿ ಗಾಜು ಇಡಲು ಹಳೇ ಸಿಮೆಂಟ್ ಶೀಟ್ ತುಂಡು ಬಳಸಬೇಡಿ. ಅದರಲ್ಲಿ ಆಸ್ಬೆಸ್ಟಾಸ್ ಇರುವುದೇ ಜಾಸ್ತಿ, ಅದರ ಧೂಳು ಶ್ವಾಸಕೋಶದಲ್ಲಿ ಕೂತರೆ ಹೋಗುವುದಿಲ್ಲ. ಕಣ್ಣಿಗೆ ಡಿಡಿಮಿಯಂ ಕನ್ನಡಕ ತರಿಸಿ. ಬಿಸಿ ಗಾಜಿನಿಂದ ಏಳುವ ಹಳದಿ ಬೆಳಕನ್ನು ಅದು ತಡೆಯುತ್ತದೆ, ತಂಪು ಕನ್ನಡಕ ಆ ಕೆಲಸಕ್ಕೆ ಬಾರದು.

ಇನ್ನು ಗುಜರಿಯ ಟ್ಯೂಬ್‌ಲೈಟ್‌ಗಳು. ನನಗೆ ಕರೆಂಟಿನಷ್ಟೇ ಭಯ ಇವುಗಳದ್ದು. ಪ್ರತಿ ಟ್ಯೂಬಿನಲ್ಲೂ ಪಾದರಸ ಇದೆ. ಕತ್ತರಿಸಿ ಜ್ವಾಲೆಗೆ ಹಿಡಿದರೆ ಅದು ಆವಿಯಾಗಿ ನೇರ ನಿಮ್ಮ ಮೂಗಿಗೆ ಬರುತ್ತದೆ. ಕಾಯಿಸದಿದ್ದರೂ ಅದು ಆವಿಯಾಗುತ್ತಲೇ ಇರುತ್ತದೆ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮೂರಿನ ತಗಡಿನ ಕೋಣೆಯಲ್ಲಿ ಇನ್ನೂ ಬೇಗ. ಬಣ್ಣವಿಲ್ಲ, ವಾಸನೆಯಿಲ್ಲ. ನರಗಳಿಗೆ, ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ. ನೆಲದ ಮೇಲೆ ಆಡುವ ಮಗುವಿಗೆ ಇದು ಎಲ್ಲರಿಗಿಂತ ಕೆಟ್ಟದ್ದು. ಒಂದು ಟ್ಯೂಬ್ ಒಡೆದರೆ ಮಗುವನ್ನು ದೂರ ಕಳಿಸಿ, ಫ್ಯಾನ್ ಆಫ್ ಮಾಡಿ, ಕಿಟಕಿ ತೆಗೆದಿಟ್ಟು ಸ್ವಲ್ಪ ಹೊತ್ತು ಹೊರಗಿರಿ. ಆಮೇಲೆ ಪೊರಕೆ ಹಾಕಬೇಡಿ, ಪಾದರಸ ಸಣ್ಣ ಹನಿಗಳಾಗಿ ಚದುರುತ್ತದೆ. ದಪ್ಪ ರಟ್ಟಿನಿಂದ ಬಳಿದು, ಉಳಿದದ್ದನ್ನು ಅಂಟುಟೇಪಿನಿಂದ ಎತ್ತಿ, ಮುಚ್ಚಳವಿರುವ ಡಬ್ಬಿಯಲ್ಲಿ ಹಾಕಿಡಿ. ಉಂಗುರ ಮೊದಲೇ ತೆಗೆದಿಡಿ, ಬಂಗಾರಕ್ಕೆ ಪಾದರಸ ಹತ್ತಿಕೊಳ್ಳುತ್ತದೆ.

ಮಾವನವರ ಬೋರ್ಡಿಗೆ ಕೆಂಪು ಬಣ್ಣವನ್ನೇ ಆರಿಸಿ. ಬರೀ ನಿಯಾನ್ ತುಂಬಿದರೆ ಕೇಸರಿಗೆಂಪು ಬೆಳಕು ತಾನಾಗೇ ಬರುತ್ತದೆ, ಪಾದರಸ ಬೇಕಿಲ್ಲ. ನೀಲಿ ಬೇಕೆಂದರೆ ಆರ್ಗಾನ್ ಜೊತೆ ಪಾದರಸದ ಹನಿ ಹಾಕುತ್ತಾರೆ. ಬೋರ್ಡ್ ಉರಿಸಲು ಸೆಕೆಂಡರಿ ಗ್ರೌಂಡ್ ಫಾಲ್ಟ್ ರಕ್ಷಣೆಯಿರುವ, ಅಂದರೆ ಸೆಕೆಂಡರಿ ಕಡೆ ಕರೆಂಟು ನೆಲಕ್ಕೆ ಸೋರಿದರೆ ತಾನೇ ಆಫ್ ಆಗುವ, ಹೊಸ ನಿಯಾನ್ ಟ್ರಾನ್ಸ್‌ಫಾರ್ಮರ್ ಕೊಳ್ಳಿ. ಊಟಕ್ಕೆ ಬಂದವರ ಕೈಗೆ ಎಟುಕದಷ್ಟು ಎತ್ತರಕ್ಕೆ ಬೋರ್ಡ್ ಹಾಕಿಸಿ. ಹಳೇ ಟ್ಯೂಬುಗಳನ್ನು ಒಡೆಯದೆ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಒಪ್ಪಿಸಿ. ಆ ಮೈಕ್ರೋವೇವ್ ಟ್ರಾನ್ಸ್‌ಫಾರ್ಮರನ್ನು ಪ್ಲಗ್ಗಿಗೆ ಹಾಕಿ ನೋಡಲೂ ಹೋಗಬೇಡಿ, ತಾಮ್ರದ ತೂಕಕ್ಕೆ ಇದೇ ವಾರ ಗುಜರಿಗೆ ವಾಪಸ್ ಕೊಟ್ಟುಬಿಡಿ.